ಶುದ್ಧ ಗಾಳಿಗೆ ಬಂದವಳು

ನ್ಯಾಮತಿ, ಸೋಮವಾರ

ಪ್ರೀತಿಯ ಅಣ್ಣನಿಗೆ,

ಬೆಂಗಳೂರಿನ ಹೊಗೆ ಬಿಟ್ಟು ಶುದ್ಧ ಗಾಳಿಯಲ್ಲಿರಿ ಎಂದು ಡಾಕ್ಟರ್ ಹೇಳಿದ್ದಕ್ಕೆ ಕಸ್ತೂರಮ್ಮತ್ತೆಯ ಮನೆಗೆ ಬಂದಿಳಿದೆ. ಬೀದಿ ತುಂಬ ಕಪ್ಪು ಹೊಗೆ! ಅತ್ತೆ ಪ್ಲಾಸ್ಟಿಕ್ಕು, ಹಳೇ ಟೈರು ಗುಡ್ಡೆಹಾಕಿ ಸುಡುತ್ತಿದ್ದರು.

"ನಿನಗೆ ಉಬ್ಬಸ ಐತಲ್ಲ, ಅದಕ್ಕೇ ಓಣಿ ಕ್ಲೀನ್ ಮಾಡಾಕೆ ನಿಂತೀನಿ" ಎಂದರು ಹೆಮ್ಮೆಯಿಂದ.

ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ಹೊಗೆ ಇನ್ನೂ ಕೆಟ್ಟದ್ದು ಅತ್ತೆ, ಆರಿಸಿಬಿಡಿ" ಎಂದೆ.

"ದಿನಾ ಸುಡ್ತೀವಿ, ನಮಗೇನಾಗೈತೆ" ಎನ್ನುವಷ್ಟರಲ್ಲಿ ಅವರಿಗೇ ಕೆಮ್ಮು ಹತ್ತಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಿಂತ ಮೇಲೆ ತಾವೇ ಹೋಗಿ ಒಂದು ಕೊಡ ನೀರು ತಂದು ಬೆಂಕಿಗೆ ಸುರಿದರು.

ನಾನು ಆರಾಮಾಗಿದ್ದೇನೆ, ಇನ್ಹೇಲರ್ ಸಾಕಷ್ಟಿದೆ. ನಾಳೆ ಹೊನ್ನಾಳಿ ಆಸ್ಪತ್ರೆಗೆ ಹೋಗುತ್ತೇವೆ. ರೋಗಿ ಅತ್ತೆ, ನೋಡಿಕೊಳ್ಳುವವಳು ನಾನು. ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ,
ಪ್ರೇಮಲತಾ