ಇಬ್ಬರಿಗೇ ಗೊತ್ತಿರುವ ಉತ್ತರ

ಹೊಲಿಗೆ ಅಂಗಡಿಯಿಂದ,
೧೪ನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ತಾಯಿ? ಕಾಲಿನ ಬೊಬ್ಬೆ ಒಣಗಿತಾ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲಾ ಕಂಡವರ ಗಾಯಕ್ಕೆಲ್ಲ ಪಟ್ಟಿ ಕಟ್ಟಿ ನೀನು ಬರೀ ನೀರು ಕುಡಿದು ಮಲಗುತ್ತೀಯಾ? ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನಮ್ಮ ಇನ್ನೂ ಚೆನ್ನಾಗಿದ್ದಾಳೆ, ಯಾಕಂದರೆ ಅವಳಿಗೆ ಏನೂ ಗೊತ್ತಿಲ್ಲ. ಮಗಳು ಯಾವುದೋ ದೊಡ್ಡಾಸ್ಪತ್ರೆಯಲ್ಲಿ ಮೂರು ತಿಂಗಳ ತರಬೇತಿಗೆ ಹೋಗಿದ್ದಾಳೆ ಅಂತಲೇ ನಂಬಿಕೊಂಡಿದ್ದಾಳೆ. ಭಾನುವಾರ ನಿನ್ನ ಎರಡು ನಿಮಿಷದ ಫೋನು ಬಂದಾಗ ಅವಳು 'ಹಾಸ್ಟೆಲ್ಲಿನ ಹಾಸಿಗೆ ಮೆತ್ತಗಿದೆಯಾ' ಅಂತ ಕೇಳುತ್ತಾಳೆ, ನೀನು 'ಹೂಂ' ಅನ್ನುತ್ತೀಯ, ಪಕ್ಕದಲ್ಲಿ ನಿಂತ ನಾನು ಗೋಡೆ ನೋಡುತ್ತೇನೆ. ನೀನು ಮಲಗುವುದು ಯುದ್ಧದ ಗಡಿಯ ಡೇರೆಯಲ್ಲಿ, ಔಷಧಿ ಪೆಟ್ಟಿಗೆಗಳ ಮಧ್ಯೆ ಅಂತ ಗೊತ್ತಿರುವುದು ಮನೆಯಲ್ಲಿ ನನಗೊಬ್ಬನಿಗೆ. ಅದಕ್ಕೇ ಈ ಕಾಗದವನ್ನೂ ಅಂಗಡಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಸಂಸ್ಥೆಯ ಔಷಧಿ ಗಾಡಿ ಹೊರಡುತ್ತದಂತೆ, ಶನಿವಾರ ನಿನ್ನ ಕೈ ಸೇರುತ್ತದಂತೆ.

ಹೋದ ವಾರ ಅದೇ ಸಂಸ್ಥೆಯ ಆಫೀಸಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದ್ದಳು. ತುರ್ತಿದ್ದರೆ ಯಾರಿಗೆ ತಿಳಿಸಬೇಕು ಅನ್ನುವ ಕಡೆ ನೀನು ನನ್ನ ಹೆಸರು ಬರೆದಿದ್ದೀಯಂತೆ. 'ಅಜ್ಜಾ, ಒಂದು ಪ್ರಶ್ನೆ ಹೇಳಿ. ಅದರ ಉತ್ತರ ನಿಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಬಾರದು' ಅಂದಳು. ಒಗಟಿನ ಸ್ಪರ್ಧೆಯೇನಮ್ಮ ಅಂದೆ. ನಗಲಿಲ್ಲ. ಯಾರಾದರೂ ನಮ್ಮವರನ್ನು ಹಿಡಿದಿಟ್ಟುಕೊಂಡರೆ, ಅವರು ಬದುಕಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳಲು ಬೇಕು, ಎಲ್ಲರ ಮನೆಯಲ್ಲೂ ಕೇಳುತ್ತೇವೆ, ಗಾಬರಿಯಾಗಬೇಡಿ ಅಂದಳು. ಹಾಗಂದ ಮೇಲೆ ಗಾಬರಿಯಾಗದೆ ಇರುವ ಮನುಷ್ಯ ಯಾರು? ಆವತ್ತು ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿದೆ.

ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಅಂತ ನಿನಗೆ ಗೊತ್ತೇ ಇದೆ. ನೀನು ಗುಂಡಿ ನುಂಗಿದ್ದು, ಮದುಮಗನ ಕೋಟಿಗೆ ಕತ್ತರಿ ಹಾಕಿದ್ದು, ಇಂಜೆಕ್ಷನ್ ಕಲಿಯುತ್ತೇನೆ ಅಂತ ನನ್ನ ತೋಳನ್ನು ಜರಡಿ ಮಾಡಿದ್ದು, ಎಲ್ಲ ಗಿರಾಕಿಗಳಿಗೆ ಹೇಳಿ ಮುಗಿಸಿದ್ದೇನೆ. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಸಿಕ್ಕಿದ್ದು ಒಂದೇ. ನರ್ಸಿಂಗ್ ಮೊದಲನೇ ವರ್ಷ, ನೀನು ನೋಡಿಕೊಳ್ಳುತ್ತಿದ್ದ ರೋಗಿ ತೀರಿಕೊಂಡ ದಿನ, ಸಮವಸ್ತ್ರದಲ್ಲೇ ಬಂದು ನಮ್ಮ ಅಂಗಡಿಯ ಪರದೆಯ ಹಿಂದೆ ಕೂತುಬಿಟ್ಟೆಯಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಕೈಗೊಂದು ಕೆಲಸ ಕೊಟ್ಟೆ. ನೀನು ಸಂಜೆಯವರೆಗೆ ಅದನ್ನೇ ಮಾಡುತ್ತಾ ಕೂತೆ, ಮಾರನೆಯ ದಿನ ಮತ್ತೆ ವಾರ್ಡಿಗೆ ಹೋದೆ. ಆ ಕೆಲಸ ಯಾವುದು ಅನ್ನುವುದೇ ಪ್ರಶ್ನೆ. ಉತ್ತರ ಇಲ್ಲಿ ಬರೆಯುವುದಿಲ್ಲ, ಕಾಗದ ನಾಲ್ಕು ಕೈ ದಾಟಿ ಬರಬೇಕು. ಮರೆತಿಲ್ಲ ತಾನೆ? ಅದನ್ನು ಯಾರೂ ನಿನ್ನ ಹತ್ತಿರ ಕೇಳುವ ಹಾಗಾಗದಿರಲಿ.

ಒಬ್ಬಳೇ ಡೇರೆ ಬಿಟ್ಟು ಓಡಾಡಬೇಡ. ನಿನ್ನ ಕೈಗುಣ ನೂರು ಜನರನ್ನು ಉಳಿಸಲಿ, ನಿನ್ನ ಒಂದು ಕೂದಲೂ ಕೊಂಕದಿರಲಿ.

ಇಂತಿ,
ನಿನ್ನ ಬಾಯಿಬಡುಕ ಅಜ್ಜ

ಮತ್ತೆ: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸೋಮವಾರ ನನಗೆ ಎದೆಯ ಆಪರೇಷನ್. ತರಬೇತಿ ಕೆಡುತ್ತದೆ, ನಿನಗೆ ತಿಳಿಸಬಾರದು ಅಂತ ನಿನ್ನಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆದರೆ ನೀನು ಹೇಳಿದ ಉತ್ತರ ಸರಿ ಅನ್ನಲು ನಾನೇ ಇಲ್ಲದೆ ಹೋದರೆ? ಆಫೀಸಿನವರು ಇನ್ನೊಂದು ಹೆಸರು ಕೇಳಿದರು, ನಿನ್ನಮ್ಮನದು ಕೊಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ಅವರು ಅವಳಿಗೂ ಫೋನು ಮಾಡಿ ಇಂಥದೇ ಒಂದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಮೊದಲು, ಈ ಭಾನುವಾರ, ನೀನೇ ಎಲ್ಲ ಹೇಳಿಬಿಡು. ಯಾರನ್ನಾದರೂ ಕಾಡಿ ಬೇಡಿ ಐದು ನಿಮಿಷ ಇಸಕೋ. ಮೊದಲ ನಾಲ್ಕು ನಿಮಿಷ ಅವಳು ಬೈಯುತ್ತಾಳೆ, ಫೋನು ಇಡಬೇಡ.