ದೀಪಕ್ಕೆ ಕೈ ಮುಗಿದವನ ದವಡೆ

ವಿಜಾಪುರ ರಸ್ತೆ, ಸೊಲ್ಲಾಪುರ
ಡಿಸೆಂಬರ್ 1958

ವಿದ್ಯುತ್ತಿನ ಚರ್ಚೆ ಬಂದಾಗಲೆಲ್ಲ ಲೋಕಸಭೆಯಲ್ಲಿ ಎದ್ದು ನಿಂತು ಎದುರಾಳಿಗಳ ಬಾಯಿ ಮುಚ್ಚಿಸುವ ಮಾನ್ಯ ಸದಸ್ಯರೇ,

ನನ್ನ ತಮ್ಮ ನಾಗೇಶನ ದವಡೆ ಎರಡು ಕಡೆ ಮುರಿದಿದೆ. ಮುರಿದವರು ನಿಮ್ಮವರು. ಮುರಿದದ್ದು ನಿಮ್ಮ ಸಭೆಯಲ್ಲಿ, ನಿಮ್ಮ ಕಣ್ಣೆದುರಿಗೆ, ಅವನ ಪ್ರಶ್ನೆಗೆ ಉತ್ತರ ಕೊಡುತ್ತೇನೆಂದು ನೀವು ಮಾತು ಕೊಟ್ಟ ಮರುಗಳಿಗೆಯಲ್ಲಿ. ಈಗ ಪೊಲೀಸರು ಅವನ ಮೇಲೆಯೇ ದಂಗೆಯ ಖಟ್ಲೆ ಹಾಕಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಅಕ್ಕಲಕೋಟೆಯ ಕೋರ್ಟಿನಲ್ಲಿ ವಿಚಾರಣೆ. ಅವನು ಜೈಲಿಗೆ ಹೋಗುತ್ತಾನೋ ಮನೆಗೆ ಬರುತ್ತಾನೋ ಎಂಬುದು ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಾನು ಹುಡುಗಿಯರ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಹೆಂಗಸು. ನಾಗೇಶ ಅಕ್ಕಲಕೋಟೆಯಲ್ಲಿ ಒಬ್ಬ ವಕೀಲರ ಕಾರಕೂನ. ಅವನಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದ ಚಟ ಒಂದೇ, ವಾಚನಾಲಯದಲ್ಲಿ ಕುಳಿತು ಲೋಕಸಭೆಯ ಸುದ್ದಿ ಓದುವುದು. ಅದರಲ್ಲೂ ನಿಮ್ಮ ಭಾಷಣವೆಂದರೆ ಅವನಿಗೆ ಹೋಳಿಗೆ ಊಟ. ಭಾನುವಾರ ನಮ್ಮ ಮನೆಗೆ ಬಂದರೆ ನಿಮ್ಮ ಹಾಗೆ ಶಾಲು ಸರಿಪಡಿಸಿಕೊಂಡು, ಗಂಟಲು ಕೆರೆದು, 'ನನ್ನ ಗೆಳೆಯರು ಪಾಪ, ಡೈನಮೋ ಎಂದರೆ ಯಾವುದೋ ಹಣ್ಣೆಂದು ತಿಳಿದಂತಿದೆ' ಎಂದು ನಟಿಸಿ ತೋರಿಸುತ್ತಿದ್ದ. ನಾವು ನಗುತ್ತಿದ್ದೆವು. ನಿಮ್ಮ ವಾದದ ರೀತಿ ನಮಗೆಲ್ಲ ಬಾಯಿಪಾಠವಾಗಿತ್ತು: ಮೊದಲು ಎದುರಾಳಿಯನ್ನು ಗೆಳೆಯ ಎನ್ನುವುದು, ಆಮೇಲೆ ಅವನನ್ನು ದಡ್ಡ ಮಾಡುವುದು, ಸದನ ನಗುತ್ತಿರುವಾಗ ಅವನ ಪ್ರಶ್ನೆಯನ್ನು ಮೆಲ್ಲಗೆ ಚಾಪೆಯ ಕೆಳಗೆ ತಳ್ಳುವುದು.

ಆ ನಗೆ ಒಂದು ದಿನ ನಿಂತುಹೋಯಿತು. ಹಳ್ಳಿಗಳಿಗೂ ಸಣ್ಣ ಊರುಗಳಿಗೂ ವಿದ್ಯುತ್ತು ಯಾವಾಗ ಎಂದು ವಿರೋಧ ಪಕ್ಷದ ಒಬ್ಬರು ಕೇಳಿದಾಗ, 'ಮೊದಲು ಗಿರಣಿ, ಆಮೇಲೆ ಮನೆ. ಹಳ್ಳಿಯವನ ಕೈಗೆ ಬಲ್ಬು ಕೊಟ್ಟರೆ ಅದಕ್ಕೂ ಎಣ್ಣೆ ಹಾಕಿಯಾನು' ಎಂದಿರಿ. ಸದನ ಬಿದ್ದು ಬಿದ್ದು ನಕ್ಕಿತಂತೆ. ನಾಗೇಶ ನಗಲಿಲ್ಲ. ಅವನ ಓಣಿಯ ಬಾಯಿಗೆ ಕಂಬ ನೆಟ್ಟಿದ್ದರು. ತಂತಿ ಮಾತ್ರ ಓಣಿಯವರ ತಲೆಯ ಮೇಲಿಂದ ಹಾದು, ಆಚೆಯ ಹೊಸ ಗಿರಣಿಗೆ ಹೋಗಿತ್ತು. ಆ ಕಂಬಕ್ಕೆ ಎಮ್ಮೆ ಕಟ್ಟುವುದನ್ನು ಬಿಟ್ಟರೆ ಓಣಿಯವರಿಗೆ ಬೇರೆ ಉಪಯೋಗವಿರಲಿಲ್ಲ.

ದಸರೆಯ ಹೊತ್ತಿಗೆ ನೀವು ಅಕ್ಕಲಕೋಟೆಗೆ ದಯಮಾಡಿಸಿದಿರಿ. ಹಬ್ಬಕ್ಕೆಂದು ತಮ್ಮನ ಮನೆಗೆ ಹೋಗಿದ್ದ ನಾನೂ ಸಭೆಗೆ ಬಂದಿದ್ದೆ. ಹೊತ್ತು ಮುಳುಗುತ್ತಿತ್ತು. ಸಭೆಗೆಂದೇ ಇಂಜಿನ್ ತರಿಸಿ, ವೇದಿಕೆಯ ನೆತ್ತಿಗೆ ದೊಡ್ಡದೊಂದು ಬಲ್ಬು ತೂಗಿಬಿಟ್ಟಿದ್ದಿರಿ. ಅಲ್ಲಿ ನಿಮ್ಮ ಮಾತೇ ಬೇರೆ. 'ಮೊದಲು ಮನೆ, ಆಮೇಲೆ ಗಿರಣಿ. ಇದಕ್ಕಾಗಿ ದಿಲ್ಲಿಯಲ್ಲಿ ಹಗಲಿರುಳು ಬಡಿದಾಡುತ್ತಿದ್ದೇನೆ' ಎಂದಿರಿ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನಾಗೇಶ ಎದ್ದು ನಿಂತ.

"ಸಾಹೇಬ್ರ, ಒಂದ ಮಾತ ಕೇಳ್ತೀನ್ರಿ. ದಿಲ್ಲ್ಯಾಗ ಮೊದಲ ಗಿರಣಿ ಅಂದೀರಿ, ಇಲ್ಲಿ ಮೊದಲ ಮನಿ ಅನ್ನಾಕತ್ತೀರಿ. ಯಾವ್ದು ಖರೆ?"

ನೀವು ನಕ್ಕಿರಿ. ದಿಲ್ಲಿಯ ನಗೆಯೇ ಅದು.

"ಭಾಳ ಛಲೋ ಕೇಳ್ದಿ, ಗೆಳೆಯಾ. ಕತ್ತಲ್ಯಾಗ ಯಾಕ ಹೇಳ್ಲಿ? ದಿವಾ ಹತ್ಲಿ, ಬೆಳಕಿನ್ಯಾಗ ಉತ್ತರಾ ಕೊಡ್ತೀನಿ."

ಬೆರಳೆತ್ತಿದಿರಿ. ಇಂಜಿನ್ ಗುಡುಗಿತು. ಬಲ್ಬು ಹೊತ್ತಿತು.

ಮಾನ್ಯರೇ, ನೀವು ದಿಲ್ಲಿಗೆ ಹೋಗಿ ಬಹಳ ಕಾಲವಾಯಿತು, ಮರೆತಿರಬಹುದು. ಮುಸ್ಸಂಜೆ ದೀಪ ಹಚ್ಚಿದರೆ ನಮ್ಮಲ್ಲಿ ಕೈ ಮುಗಿಯುತ್ತೇವೆ, ಕಣ್ಣು ಮುಚ್ಚುತ್ತೇವೆ. ಹಣತೆಯಾಗಲಿ ಕಂದೀಲಾಗಲಿ, ಗುಂಡಿ ಒತ್ತಿ ಹೊತ್ತಿಸಿದ ಬಲ್ಬೇ ಆಗಲಿ. ಜಗಳದ ನಡುವೆ ದೀಪ ಬಂದರೆ ಜಗಳ ನಿಲ್ಲಿಸಿ ಕೈ ಮುಗಿದು, ಆಮೇಲೆ ಬಿಟ್ಟಲ್ಲಿಂದ ಜಗಳ ಮುಂದುವರಿಸುವ ಜನ ನಾವು. ಅಂದು ಇಡೀ ಸಭೆ ಕೈ ಮುಗಿಯಿತು. ನಾಗೇಶನೂ ಮುಗಿದ. ನಾನೂ ಮುಗಿದೆ.

ಆಗ ಆ ಸದ್ದು ಕೇಳಿಸಿತು. ಹಸಿ ಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದ ಸದ್ದು. ಕಣ್ಣು ತೆರೆದಾಗ ನನ್ನ ತಮ್ಮ ಮಣ್ಣಿನಲ್ಲಿ ಬಿದ್ದಿದ್ದ. ನಿಮ್ಮ ಸ್ವಾಗತದ ಬಾವುಟ ಕಟ್ಟಿದ್ದ ಬಿದಿರು ಬಡಿಗೆಗಳು ಅವನ ಸುತ್ತ ಬಿದ್ದಿದ್ದವು, ಹಿಡಿದವರು ಇರಲಿಲ್ಲ. ಅವನ ಬಾಯಿ ತುಂಬ ರಕ್ತ. ಏನೋ ಹೇಳಲು ಹೋದ, ಮಾತಿನ ಬದಲು ಎರಡು ಹಲ್ಲು ಹೊರಗೆ ಬಂದವು. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಎರಡೂ ಅಂಗೈ ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಡಿದವರು ಅವನಿಗೆ ಕೈ ಬಿಡಿಸಿಕೊಳ್ಳುವಷ್ಟೂ ಪುರಸತ್ತು ಕೊಟ್ಟಿರಲಿಲ್ಲ. ಇದೇನಾ ನೀವು ಬೆಳಕಿನಲ್ಲಿ ಕೊಡುತ್ತೇನೆಂದ ಉತ್ತರ?

ಸೊಲ್ಲಾಪುರದ ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ದವಡೆ ಕಟ್ಟಿದ್ದಾರೆ. ಹಲ್ಲು ಬಿದ್ದ ಸಂದಿಯಿಂದ ಗಂಜಿ ಹೊಯ್ಯುತ್ತೇನೆ. ಅಂತೂ ನೀವು ಭರವಸೆ ಕೊಟ್ಟ ತಂತಿ ನಮ್ಮ ಮನೆಗೆ ಬಂದಿತು, ನಿಮ್ಮ ಉಪಕಾರ ದೊಡ್ಡದು.

ನಿಜ ಹೇಳುತ್ತೇನೆ, ಜಾಮೀನು ಕೊಟ್ಟು ಅವನನ್ನು ಆಸ್ಪತ್ರೆಯಿಂದ ನನ್ನ ಮನೆಗೆ ಕರೆತಂದ ದಿನ ನಾನು ಒನಕೆ ಹಿಡಿದು ಹೊರಟಿದ್ದೆ. ನಿಮ್ಮ ತಲೆಯನ್ನು ಜೋಳ ಕುಟ್ಟಿದ ಹಾಗೆ ಕುಟ್ಟಬೇಕೆಂದೇ ಹೊರಟಿದ್ದೆ. ನೆರೆಮನೆಯ ಹಿರಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಒನಕಿ ಹಿಡ್ಕೊಂಡು ಎಲ್ಲಿಗ್ರಿ, ಮಾಸ್ತರಬಾಯಿ?"

"ದಿಲ್ಲಿಗಿ."

"ರೈಲಿನ್ಯಾಗ ಒನಕಿ ಹತ್ತಿಸಿಗೊಳ್ಳಾಂಗಿಲ್ರಿ. ಒಳಗ ನಡೀರಿ, ಅವ್ರಿಗಿ ಗಂಜಿ ಕಾಸೂಣು."

ಒನಕೆ ಮೂಲೆ ಸೇರಿತು. ಸಿಟ್ಟು ಸೇರಲಿಲ್ಲ. ಇಂದಿಗೂ ನಿಮ್ಮ ಹೆಸರು ಕಿವಿಗೆ ಬಿದ್ದರೆ ನನ್ನ ಅಂಗೈ ಉರಿಯುತ್ತದೆ.

ಇನ್ನು ಪೊಲೀಸರ ಕತೆ ಕೇಳಿ. ನಾಗೇಶ ಕಲ್ಲು ಹಿಡಿದು ವೇದಿಕೆಗೆ ನುಗ್ಗಿದ, ದೀಪ ಹತ್ತಿದ ಗಳಿಗೆಯಲ್ಲೇ ನುಗ್ಗಿದ, ತಳ್ಳಾಟದಲ್ಲಿ ಬಿದ್ದು ದವಡೆ ಒಡೆದುಕೊಂಡ, ಇದು ನಿಮ್ಮ ನಾಲ್ವರು ಕಾರ್ಯಕರ್ತರ ಹೇಳಿಕೆ. ಅವರು ಕಣ್ಣಾರೆ ಕಂಡರಂತೆ. ಕಂಡೇ ಇರುತ್ತಾರೆ, ಬಡಿಯುವವನು ಕಣ್ಣು ಮುಚ್ಚಿಕೊಂಡು ಬಡಿಯುವುದಿಲ್ಲ. ನಮ್ಮ ಕಡೆ ಸಾಕ್ಷಿ ಹೇಳುವವರು ಯಾರು? ಅವನ ಪಕ್ಕದಲ್ಲೇ ಕುಳಿತಿದ್ದ ಕಾಯಿಪಲ್ಯ ಮಾರುವ ರಖಮಾಬಾಯಿಯನ್ನು ಠಾಣೆಯ ಫೌಜದಾರರು ಕೇಳಿದರು.

"ಕಣ್ಣ ಮುಚ್ಚಿದ್ನಿರಿ," ಎಂದಳು ಆಕೆ. "ದಿವಾ ಹಚ್ಚಿದಾಗ ಯಾರರೆ ಕಣ್ಣ ತಕ್ಕೊಂಡ ಕುಂದರ್ತಾರೇನ್ರಿ?"

ಹಿಂದಿನ ಸಾಲಿನ ಹುಲೆಪ್ಪ ಗಿರಣಿಯಲ್ಲಿ ದುಡಿಯುವವನು. ಅವನೂ ಸುಳ್ಳು ಹೇಳಲೊಲ್ಲ. "ನಾ ನೋಡಿಲ್ರಿ. ಆದ್ರ ಕಿವಿ ತೆರದಿತ್ತು. ಬಡದ ಸಪ್ಪಳ ಕೇಳೀನ್ರಿ."

"ಸಪ್ಪಳಕ್ಕ ಮಾರಿ ಇರ್ತದೇನೋ? ನಡಿ," ಎಂದರು ಫೌಜದಾರರು.

ಒಂದು ಊರಿಗೆ ಊರೇ ಅಲ್ಲಿತ್ತು, ಸಾಕ್ಷಿ ಒಬ್ಬರೂ ಇಲ್ಲ. ಒಡಹುಟ್ಟಿದ ನಾನೇ ನೋಡಲಿಲ್ಲವೆಂದ ಮೇಲೆ ಇನ್ನೊಬ್ಬರನ್ನು ಏನೆನ್ನಲಿ? ನಮ್ಮ ಭಕ್ತಿಯ ಹೊತ್ತನ್ನು ಸರಿಯಾಗಿ ಅಳೆದು ಬಡಿಗೆ ಎತ್ತಿಸಿದಿರಲ್ಲ, ನಿಮ್ಮ ಬುದ್ಧಿಗೆ ಏನೆನ್ನಬೇಕು? ಹಾವಿಗೂ ಇಷ್ಟು ಲೆಕ್ಕಾಚಾರ ಇರಲಿಕ್ಕಿಲ್ಲ.

ಆದರೆ ಅತಿ ಜಾಣನಿಗೆ ಅವನ ನಾಲಗೆಯೇ ಶತ್ರು. ಕಳೆದ ತಿಂಗಳು ಸದನದಲ್ಲಿ ಮತ್ತೆ ವಿದ್ಯುತ್ ನೀತಿಯ ಚರ್ಚೆ ಬಂತು. ವಿರೋಧದವರು ನಿಮ್ಮನ್ನು ಬಿಡದೆ ಹಿಡಿದರು. ಆಗ ನೀವು ಆಡಿದ ಮಾತು ಪತ್ರಿಕೆಯಲ್ಲಿ ಅಚ್ಚಾಗಿದೆ: 'ನನ್ನ ಅಕ್ಕಲಕೋಟೆಯ ಸಭೆಯಲ್ಲಿ ಒಬ್ಬ ಕಟ್ಟಾ ವಿರೋಧಿ ಎದ್ದು ನಿಂತ. ಅಷ್ಟರಲ್ಲಿ ದೀಪ ಹತ್ತಿತು. ನಾನು ಕಣ್ಣಾರೆ ಕಂಡೆ, ಅವನು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಾಗಿದ. ಮತ್ತೆ ಒಂದು ಮಾತನ್ನೂ ಆಡಲಿಲ್ಲ. ನನ್ನ ಗೆಳೆಯರೇ, ನಿಮ್ಮ ವಿರೋಧವೂ ಬೆಳಕು ಬರುವ ತನಕ ಮಾತ್ರ.' ಸದನ ಮತ್ತೆ ನಕ್ಕಿತು, ಎದುರಾಳಿಗಳು ಕುಳಿತರು.

ಒಂದು ಮಾತನ್ನೂ ಆಡಲಿಲ್ಲವೆಂಬುದು ಸತ್ಯ. ದವಡೆ ಮುರಿದವನು ಹೇಗೆ ಆಡಿಯಾನು? ಅದಿರಲಿ. ಉಳಿದ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ದೀಪ ಹತ್ತಿದ ಗಳಿಗೆಯಲ್ಲಿ ಅವನು ಎರಡೂ ಕೈ ಜೋಡಿಸಿದ್ದನೆಂದು ನೀವೇ ಹೇಳಿದ್ದೀರಿ. ಜೋಡಿಸಿದ ಕೈಯಲ್ಲಿ ಕಲ್ಲು ಹಿಡಿಯುವುದು ಹೇಗೆ? ತಲೆ ಬಾಗಿ ನಿಂತವನು ವೇದಿಕೆಗೆ ನುಗ್ಗುವುದು ಹೇಗೆ? ಅವನನ್ನೇ ನೋಡುತ್ತಿದ್ದ ನಿಮ್ಮ ಕಣ್ಣಿಗೆ ಅವನ ಬೆನ್ನ ಹಿಂದೆ ಎದ್ದ ಬಡಿಗೆಗಳು ಕಾಣದೆ ಹೋದವೆ?

ಸದನದಲ್ಲಿ ಆಡಿದ ಮಾತಿಗೆ ನಿಮ್ಮನ್ನು ಯಾವ ಕೋರ್ಟೂ ಹಿಡಿಯುವಂತಿಲ್ಲ ಎನ್ನುತ್ತಾರೆ ನಾಗೇಶನ ವಕೀಲರು. ಅದು ನಿಮ್ಮ ಹಕ್ಕಂತೆ. ಅದಕ್ಕೇ ಊರೆಲ್ಲ ಓದುವ ಹಾಗೆ ಪತ್ರಿಕೆಗೇ ಈ ಕಾಗದ ಬರೆಯುತ್ತಿದ್ದೇನೆ.

ನನಗೆ ನಿಮ್ಮ ಕ್ಷಮೆ ಬೇಡ, ಕರುಣೆ ಬೇಡ, ನಿಮ್ಮ ತಂತಿಯೂ ಬೇಡ. ವಿಚಾರಣೆಯ ದಿನ ಅಕ್ಕಲಕೋಟೆಗೆ ಬನ್ನಿ. ಕಟಕಟೆ ಹತ್ತಿ, ದಿಲ್ಲಿಯಲ್ಲಿ ನಗುತ್ತ ಆಡಿದ ಆ ಮಾತನ್ನೇ ಪ್ರಮಾಣ ಮಾಡಿ ಇನ್ನೊಮ್ಮೆ ಆಡಿ. ಅಷ್ಟಾದರೆ ನನ್ನ ತಮ್ಮ ಮನೆಗೆ ಬರುತ್ತಾನೆ. ಬರದಿದ್ದರೆ, ಸದನದಲ್ಲಿ ಹೇಳಿದ್ದು ಸುಳ್ಳೆಂದಾದರೂ ಒಪ್ಪಿಕೊಳ್ಳಿ. ಎರಡರಲ್ಲಿ ಒಂದು. ಮೊದಲು ಮನೆಯೋ ಮೊದಲು ಗಿರಣಿಯೋ ಎಂದು ಜಾರಿಕೊಂಡ ಹಾಗೆ ಇದರಿಂದ ಜಾರಿಕೊಳ್ಳಲು ಬಿಡುವುದಿಲ್ಲ.

ಈಗ ಸಂಜೆಯಾಗಿದೆ, ಕಂದೀಲು ಹಚ್ಚಿ ಬಂದು ಈ ಸಾಲು ಬರೆಯುತ್ತಿದ್ದೇನೆ. ದೀಪ ಕಂಡೊಡನೆ ಹಿರಾಬಾಯಿ ಕೈ ಮುಗಿದಳು. ನಾಗೇಶ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ಸರಿದ. ದಿನವೂ ಹೀಗೆಯೇ ಸರಿಯುತ್ತಾನೆ.

ಇಂತಿ,
ಅಂದು ಎಲ್ಲರೊಡನೆ ಕಣ್ಣು ಮುಚ್ಚಿದ್ದವಳು, ಈಗ ಕಣ್ಣು ತೆರೆದೇ ದೀಪ ಹಚ್ಚುವವಳು,
ವೇಣೂಬಾಯಿ