ಬಹುವಚನದ ಭಾವ

ಭಾವ,

ಕ್ಷೇಮಸಮಾಚಾರ ಕೇಳುವುದಿಲ್ಲ. ಹದಿನಾಲ್ಕು ವರ್ಷ ನಿನ್ನನ್ನು ‘ನೀವು’ ಎಂದೆ. ಅಕ್ಕನ ಮದುವೆಯ ದಿನ ಅಮ್ಮ ಕಿವಿ ಹಿಂಡಿ ಕಲಿಸಿದ ಪಾಠ ಅದು. ಇವತ್ತು ಬಿಟ್ಟೆ. ಏಕವಚನ ನೋಡಿ ಮೂಗು ಮುರಿಯಬೇಡ, ಇಡೀ ಪತ್ರದಲ್ಲಿ ಇದೇ ಚಿಕ್ಕ ಏಟು.

ಈ ದೇಶದಲ್ಲಿ ಪರದೆ ಹೊಲಿಯುವ ಅಂಗಡಿ ಇಡಲು ಹೊರಟಾಗ ಸಲಹೆಗಾರ್ತಿ ಮೂರು ದಾರಿ ಹೇಳಿದ್ದಳು: ಒಬ್ಬರ ಹೆಸರಿನ ಅಂಗಡಿ, ಪಾಲುದಾರಿಕೆ, ಇಲ್ಲವೇ ಕಂಪನಿ. ಅಂಗಡಿ ನಡೆಯುವಷ್ಟು ಕಾಲ ಮಾಲೀಕರಿಗೆ ಇಲ್ಲಿರಲು ಪರವಾನಗಿ. ನಾನು ಮೆಲ್ಲಗೆ ಪಾಲುದಾರಿಕೆ ಅಂದೆ. ನೀನು ನಕ್ಕುಬಿಟ್ಟೆ. “ಮನೆಯವರ ಮಧ್ಯೆ ಎಂಥ ಪಾಲು? ನನ್ನ ಹೆಸರಲ್ಲಿದ್ರೆ ನಿನ್ನ ಹೆಸರಲ್ಲಿದ್ದ ಹಾಗೇ ಅಲ್ವಾ?” ಹಾಗಿದ್ದರೆ ನನ್ನ ಹೆಸರಲ್ಲೇ ಇರಲಿ ಎನ್ನುವ ಬುದ್ಧಿ ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ.

ನೋಂದಣಿ ಕಚೇರಿಯಲ್ಲಿ ನೀನು ಫೋಟೋ ತೆಗೆಸಲು ಪಕ್ಕದ ಕೋಣೆಗೆ ಹೋಗಿದ್ದಾಗ, ಮಾಲೀಕತ್ವ ಯಾರದು ಎಂದು ಗುಮಾಸ್ತ ನನ್ನನ್ನು ಕೇಳಿದ. ಅನುವಾದಕಿ ಫೋನಿನಲ್ಲಿದ್ದಳು. “ಅವರೇ ಮಾಲೀಕರು” ಅಂದೆ. ಭಾವನನ್ನು ‘ಅವನೇ’ ಅನ್ನಲು ನಾಲಿಗೆ ಹೊರಳಲಿಲ್ಲ. ಅವಳಿಗೆ ನಮ್ಮ ಭಾಷೆ ಬಂದದ್ದು ಪುಸ್ತಕದಿಂದ. ಮರ್ಯಾದೆಯ ಬಹುವಚನವನ್ನು ಎಣಿಕೆಯ ಬಹುವಚನ ಮಾಡಿಬಿಟ್ಟಳು. ಗುಮಾಸ್ತ ನಮ್ಮಿಬ್ಬರ ಪಾಸ್‌ಪೋರ್ಟ್ ಜೋಡಿಸಿಟ್ಟು ಎರಡು ಬೆರಳು ತೋರಿಸಿದ. ತಪ್ಪು ಅವಳದು. ತಲೆಯಾಡಿಸಿದವಳು ಮಾತ್ರ ನಾನು. ಕಾಗದದಲ್ಲಿ ಅದು ಇಬ್ಬರ ಪಾಲುದಾರಿಕೆ ಎಂದಾಯಿತು. ನೀನು ಬಂದು ಓದದೆ ಸಹಿ ಗೀಚಿದೆ. ಕೆಳಗೆ ನಾನು ಹಾಕುವುದು ಸಾಕ್ಷಿಯ ಸಹಿ ಎಂದುಕೊಂಡು ಪೆನ್ನನ್ನೂ ನೀನೇ ಕೊಟ್ಟೆ.

ಆರು ವರ್ಷ ಬಾಯಿ ಬಿಡಲಿಲ್ಲ. ಹೇಳುವ ಪ್ರಸಂಗವೇ ಬರದಿರಲಿ ಎಂಬ ಆಸೆಯಿತ್ತು, ನಂಬಿದರೆ ನಂಬು.

ಕಳೆದ ತಿಂಗಳು ನನ್ನ ಮಷೀನಿನ ಮುಂದೆ ಹೊಸಬಳನ್ನು ಕೂರಿಸಿದೆಯಲ್ಲ! “ನಾಳೆಯಿಂದ ಬರ್ಬೇಡ. ಇಲ್ಲಿ ನಿಂದು ಅಂತ ಏನಿದೆ? ಊರಿಗೆ ಹೋಗು, ಅಲ್ಲೇ ಯಾರಾದ್ರೂ ಕಟ್ಕೋತಾರೆ.” ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡಿದರು. ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನೇ ಮರೆತು ನಿಂತಿದ್ದಳು, ಬಿಳಿ ಪರದೆ ಸುಟ್ಟು ಹೊಗೆ ಬಂತು. ಅವಳ ಮೇಲೂ ನನಗೆ ಮೈಯೆಲ್ಲ ಉರಿಯಿತು.

ಮರುದಿನವೇ ಆ ನೋಂದಣಿ ಕಚೇರಿಗೆ ಹೋದೆ. ಇಬ್ಬರ ಪಾಲುದಾರಿಕೆಯಲ್ಲಿ ಒಬ್ಬರು ಹೊರಬಂದರೆ ಪಾಲುದಾರಿಕೆಯೇ ಇಲ್ಲ. ಅದಿಲ್ಲದಿದ್ದರೆ ನಿನ್ನ ಪರವಾನಗಿಯೂ ಇಲ್ಲ. ಹೊರಬರುವ ನೋಟಿಸ್ ಕೊಟ್ಟಿದ್ದೇನೆ. ನಿನಗೆ ಅರವತ್ತು ದಿನ ಉಳಿದಿದೆ. ಹೊಸ ಅರ್ಜಿಗೆ ವರ್ಷ ಹಿಡಿಯುತ್ತದಂತೆ, ಅದೂ ದೇಶದ ಹೊರಗಿದ್ದುಕೊಂಡು ಕಾಯಬೇಕಂತೆ. ನಾನು ಹೊಸ ಕಂಪನಿ ತೆರೆದಿದ್ದೇನೆ, ನನ್ನೊಬ್ಬಳ ಹೆಸರಿನಲ್ಲಿ ನೋಂದಣಿಯಾಗಿದೆ. ನಮ್ಮಲ್ಲಿ ಪರದೆ ಹೊಲಿಸುವ ಮೂರೂ ಹೋಟೆಲಿನವರು ನನ್ನ ಕಡೆ ಬರುತ್ತಾರೆ. ಇದನ್ನು ಬರೆಯಲು ಕಷ್ಟವಾದೀತು ಅಂದುಕೊಂಡಿದ್ದೆ. ಇಲ್ಲ, ಹಾಯಾಗಿದೆ.

ಅಕ್ಕ ಇಲ್ಲಿರುವುದು ನಿನ್ನ ಹೆಂಡತಿ ಎಂಬ ಕಾರಣಕ್ಕೆ. ಹಾಗಾಗಿ ಅವಳೂ ನಿನ್ನ ಜೊತೆ ಗಂಟುಮೂಟೆ ಕಟ್ಟಬೇಕಿತ್ತು. ಅದು ಗೊತ್ತಿದ್ದೇ ನೋಟಿಸಿಗೆ ಸಹಿ ಹಾಕಿದೆ. ಆಮೇಲೆ ಅವಳನ್ನು ಕರೆದು, ನನ್ನ ಕಂಪನಿಗೆ ಇಸ್ತ್ರಿ ಮಾಡುವವರು ಬೇಕು, ಬಂದರೆ ಅವಳಿಗೇ ಬೇರೆ ಪರವಾನಗಿ ಸಿಗುತ್ತದೆ ಎಂದೆ. ಅತ್ತು ರಂಪ ಮಾಡುತ್ತಾಳೆ, ನನಗೆ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. “ಯಾವತ್ತಿಂದ ಬರ್ಲಿ?” ಅಂದಳು, ಅಷ್ಟೇ.

ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ಅವಳ ಕೈಗೆ ಕೊಟ್ಟಿದ್ದೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತಾಳಂತೆ. ತಲೆಯೆತ್ತಿ ನೋಡು.

ಹೊರಟವರಿಗೆ ‘ಹೋಗಿ ಬಾ’ ಅನ್ನುವುದು ನಮ್ಮವರ ವಾಡಿಕೆ. ಹೋಗು, ಭಾವ. ಆರೋಗ್ಯವಾಗಿರು.

ನಿನ್ನ ನಾದಿನಿ